ನಾಲ್ಕನೇ ಮೂಲೆಯ ಹೂ

ಚಾಂದಬಿ ನನ್ನ ಹೊಲಿಗೆ ಅಂಗಡಿಗೆ ಬರುವುದು ಚಿಂದಿಗಾಗಿ. ಇಪ್ಪತ್ತೆರಡು ವರ್ಷದಿಂದ, ಹಳಿಯಾಳದ ಸಂತೆಯ ದಿನ ಮಧ್ಯಾಹ್ನದ ಹೊತ್ತಿಗೆ ಬಂದು ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತಾಳೆ. ನಾನು ಕತ್ತರಿಸಿ ಎಸೆದ ತುಂಡುಗಳ ಚೀಲವನ್ನು ಮಡಿಲಿಗೆ ಸುರುವಿಕೊಂಡು ಅಕ್ಕಿ ಆರಿಸುವವರ ಹಾಗೆ ಒಂದೊಂದನ್ನೇ ಬೆರಳಲ್ಲಿ ತಿಕ್ಕಿ ನೋಡಿ ಆರಿಸುತ್ತಿದ್ದಳು. ನಾನು ಸಿಡುಕ, ಇದು ಇಡೀ ಬಜಾರಿಗೇ ಗೊತ್ತು. ರೆಡಿಮೇಡ್ ಅಂಗಡಿಗಳು ಬಂದ ಮೇಲಂತೂ ಮುಖ ಗಂಟು ಹಾಕಿಕೊಂಡೇ ಮಷೀನು ತುಳಿಯುತ್ತೇನೆ. "ಪುಕ್ಕಟೆ ಕೊಟ್ಟದ್ದನ್ನೂ ಆರಸ್ತಾರೇನ ಯಾರರೆ?" ಎಂದರೆ, "ನಿಮ್ಮ ಕತ್ರಿ ಸೊಟ್ಟ ಹೋಗತೈತಿ ಮಾಸ್ತರ, ಅದಕ್ಕ ಆರಸಬೇಕಾಗತೈತಿ" ಎಂದು ಬಾಯ್ತುಂಬ ನಗುತ್ತಿದ್ದಳು. ನನ್ನ, ಬಾಳೇಶ ಮಾಸ್ತರನ, ಸಿಟ್ಟಿಗೆ ನಗುತ್ತಿದ್ದವರು ಈ ಊರಲ್ಲಿ ಇಬ್ಬರೇ, ಒಬ್ಬಳು ನನ್ನ ಹೆಂಡತಿ ಮಧುಮತಿ, ಇನ್ನೊಬ್ಬಳು ಈ ಚಾಂದಬಿ. ಈಗ ಚಾಂದಬಿ ನಗುವುದಿಲ್ಲ.

ಅವಳು ಸಿದ್ದಿ ಹೆಂಗಸು, ಹಿಂದೆಂದೋ ಆಫ್ರಿಕಾದಿಂದ ಬಂದವರ ಪೀಳಿಗೆ, ಭಾಗವತಿಯ ಆಚೆ ಕಾಡಂಚಿನ ಹಳ್ಳಿಯವಳು. ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಬೇಕು. ಹಳೆಯ ಸೀರೆಯೊಂದನ್ನು ಹಾಸಿ, ಅಂಚಿಗುಂಟ ತುಂಡು ಇಟ್ಟು ಹೊಲಿಯುತ್ತಾ, ಸುತ್ತು ಹಾಕುತ್ತಾ ಒಳಗೊಳಗೆ ಬರುತ್ತಾರೆ. ನಡುವಿಗೆ ಬಂದಾಗ ಹೊಲಿಗೆ ಮುಗಿಯುತ್ತದೆ, ಕೌದಿ ಮುಗಿಯುವುದಿಲ್ಲ. ನಾಲ್ಕು ಮೂಲೆಗೆ ನಾಲ್ಕು ಫುಲಾ ಬೇಕು. ಸಣ್ಣ ಚೌಕದ ತುಂಡುಗಳನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಕೂರಿಸಿ ಹಚ್ಚುವ ಹೂವು ಅದು. ಫುಲಾ ಇಲ್ಲದ ಕೌದಿ ಬತ್ತಲೆ ಎನ್ನುತ್ತಾರೆ. ಬತ್ತಲೆ ಕೌದಿಯನ್ನು ಮನೆಯಿಂದ ಆಚೆ ಕೊಡುವುದಿಲ್ಲ. ಚಾಂದಬಿ ಕೊಟ್ಟಳು. ಅವಳು ಮಾಡಿದ ತಪ್ಪು ಅದೊಂದೇ.

ಅವಳ ಗಂಡ ಸರ್ದಾರ, ಉದ್ದ ಕೈಕಾಲಿನ, ಮಾತು ಕಡಿಮೆಯ ಮನುಷ್ಯ. ಮೊದಲು ಕಾಡಿನಲ್ಲಿ ಮರ ಹೊರುತ್ತಿದ್ದ. ಆ ಕೆಲಸ ನಿಂತ ಮೇಲೆ ಯಾರದೋ ಬೆನ್ನು ಹಿಡಿದು ಕಾರವಾರಕ್ಕೆ ಹೋಗಿ ಮೀನಿನ ಬೋಟು ಹತ್ತಿದ. ಮಗಳು ಖುಷ್ಬೂಳನ್ನು ಸನವಳ್ಳಿಗೆ ಕೊಟ್ಟಾಗಿತ್ತು, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮಳೆಗಾಲ ಹಿಡಿದು ಬೋಟುಗಳು ದಡ ಸೇರಿದಾಗ, ಜೂನಿನಲ್ಲಿ, ಊರಿಗೆ ಬರುತ್ತಿದ್ದ. ಆಗಸ್ಟಿನಲ್ಲಿ ಮತ್ತೆ ಹೊರಡುತ್ತಿದ್ದ.

ಮೊದಲ ಸಲ ಹೊರಟಾಗ ಚಾಂದಬಿ ಹೊಸ ಕೌದಿಯನ್ನು ಬತ್ತಲೆಯಾಗಿಯೇ ಅವನ ಕೈಗಿಟ್ಟಳು. ತಿರುಗಿ ಬಂದರೆ ಒಂದು ಫುಲಾ ಹಚ್ಚುತ್ತೇನೆ ಎಂದಳಂತೆ. ಬಂದ, ಹಚ್ಚಿದಳು. ಮರುವರ್ಷ ಇನ್ನೊಂದು, ಅದರ ಮರುವರ್ಷ ಮೂರನೆಯದು. ನಾಲ್ಕನೆಯದಕ್ಕೆ ಮಾತ್ರ ಬೇರೆ ಕರಾರು ಹಾಕಿದಳು. ಬೋಟು ಬಿಟ್ಟು, ಇನ್ನು ಹೋಗುವುದಿಲ್ಲ ಎಂದು ಮನೆಗೆ ಬಂದ ವರ್ಷ ಅದನ್ನು ಹಚ್ಚುವುದು. ಅದಕ್ಕಾಗಿ ನನ್ನ ಹತ್ತಿರ ಹಸಿರು ಸ್ಯಾಟಿನ್ನಿನ ಒಂದು ಒಳ್ಳೆಯ ತುಂಡನ್ನು ಕಾಡಿ ಇಸಿದುಕೊಂಡು ಹೋಗಿದ್ದಳು.

"ಗಂಡಸರನ್ನ ಸೂಜಿ-ದಾರದಾಗ ಕಟ್ಟಿ ಹಾಕಾಕ ಆಗತೈತೇನ?" ಎಂದು ನಾನು ಚುಡಾಯಿಸಿದ್ದೆ.

"ನೀವು ಹೊಲಿಯೂದು ಅಂಗೀರಿ ಮಾಸ್ತರ. ಕೌದಿ ಸುದ್ದಿ ನಿಮಗೇನ ಗೊತ್ತು" ಎಂದಿದ್ದಳು.

ನಾಲ್ಕನೇ ಜೂನಿನಲ್ಲಿ ಸರ್ದಾರ ಬರಲಿಲ್ಲ. ಅವಳ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅವನ ಫೋನು ನನ್ನ ಫೋನಿಗೇ ಬರುತ್ತಿತ್ತು. ಆ ತಿಂಗಳು ಒಂದೇ ಸಲ ಯಾವುದೋ ಲ್ಯಾಂಡ್‌ಲೈನಿನಿಂದ ಮಾತಾಡಿದ. "ಇಲ್ಲೇ ಮೀನಿನ ಬಲಿ ಹೊಲಿಯೂ ಕೆಲಸ ಐತ್ರಿ ಮಾಸ್ತರ. ಹಬ್ಬಕ್ಕ ಬರ್ತೇನಿ ಅಂತ ಆಕೀಗೆ ಹೇಳ್ರಿ" ಎಂದ. ಯಾವ ಹಬ್ಬ ಎಂದು ಕೇಳಬೇಕಿತ್ತು, ನಾನು ಕೇಳಲಿಲ್ಲ. ಆಮೇಲೆ ಅವನ ಮೊಬೈಲು ಬಂದ್ ಆಯಿತು. ಹಬ್ಬಗಳೆಲ್ಲ ಬಂದುಹೋದವು, ಇನ್ನೊಂದು ಜೂನ್ ಕೂಡ ಬಂದುಹೋಯಿತು. ಪ್ರತಿ ಸಂತೆಗೂ ಅವಳು ಮೆಟ್ಟಿಲು ಹತ್ತುವ ಮೊದಲೇ ನನ್ನ ಮುಖ ನೋಡುತ್ತಿದ್ದಳು, ನಾನು ಮಷೀನಿನ ಕಡೆ ನೋಡುತ್ತಿದ್ದೆ. ಆ ಲ್ಯಾಂಡ್‌ಲೈನಿಗೆ ಎಷ್ಟೋ ಸಲ ಮಾಡಿದೆ. "ಕಡಲಮುತ್ತು ಲಾಜ್" ಎನ್ನುವರು, ಸರ್ದಾರ ಎಂದ ಕೂಡಲೇ ಇಟ್ಟುಬಿಡುವರು. ಕೊನೆಗೆ ಮಧುಮತಿಯೇ ಹೇಳಿದಳು, "ನೀವ ಆಕಿ ಜೋಡಿ ಹೋಗಿ ನೋಡಿಕೊಂಡು ಬರ್ರಿ. ಓದಾಕ ಬರದ ಹೆಣ್ಣಮಗಳು ಒಬ್ಬಾಕಿ ಎಲ್ಲಿ ಹುಡುಕಬೇಕು."

ಹೀಗೆ ನಾನು, ಅಂಗಡಿಗೆ ಬೀಗ ಹಾಕಿ ಮದುವೆಗೂ ಹೋಗದವನು, ಹೋದ ವರ್ಷ ನವೆಂಬರಿನಲ್ಲಿ ಚಾಂದಬಿಯ ಜೊತೆ ಕಾರವಾರದ ಬಸ್ಸು ಹತ್ತಿದೆ. ದಾಂಡೇಲಿ, ಜೊಯಿಡಾ, ಅಣಶಿ ಘಟ್ಟ. ಘಟ್ಟದ ತಿರುವುಗಳಲ್ಲಿ ನಾನು ತಲೆ ಹಿಡಿದುಕೊಂಡು ಕೂತರೆ, ಅವಳು ಕೈಚೀಲವನ್ನು ಎದೆಗವಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಚೀಲದಲ್ಲಿ ಒಂದು ಸೀರೆ, ಸೂಜಿ, ದಾರದ ಉಂಡೆ, ಆ ಹಸಿರು ಸ್ಯಾಟಿನ್ ತುಂಡು. "ಸಿಕ್ಕ ಕೂಡಲೇ ಅಲ್ಲೇ ಹಚ್ಚಿ ಕರಕೊಂಡು ಬರ್ತೇನಿ" ಎಂದಳು.

ಕಡಲಮುತ್ತು ಲಾಜಿನಿಂದ ಕಡಲು ಕಾಣುವುದಿಲ್ಲ. ಮೀನು ಬಂದರಿಗೆ ಹೋಗುವ ರಸ್ತೆಯ ಒಂದು ಓಣಿಯಲ್ಲಿ, ಎರಡು ಗೋಡೆಗಳ ಸಂದಿಯಲ್ಲಿದೆ. ಕೌಂಟರಿನವನು ಐವತ್ತರ ಆಸುಪಾಸಿನವನು, ಕನ್ನಡಕ ಹಣೆಗೇರಿಸಿಕೊಂಡಿದ್ದ. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ನೀವು ಇವರಿಗೆ ಏನಾಗಬೇಕು?" ಎಂದ.

"ನಾನು ಇವರ ಟೇಲರ್" ಎಂದೆ. ಅರವತ್ತರ ಹತ್ತಿರದ ನನಗೆ ಬೇರೆ ಉತ್ತರ ಹೊಳೆಯಲಿಲ್ಲ.

ರಿಜಿಸ್ಟರಿನಲ್ಲಿ ಬರೆದವನು ನಾನೇ. ಹೆಸರು ಚಾಂದಬಿ ಎಂದು ಬರೆದು ಬಿಡುವವನಿದ್ದೆ. "ಗಂಡನ ಹೆಸರೂ ಬರೀರಿ" ಎಂದು ಅವಳು ಒತ್ತಿ ಹೇಳಿದಳು. ಚಾಂದಬಿ, ಗಂಡ ಸರ್ದಾರ, ಹಳಿಯಾಳ ತಾಲೂಕು. ಕೌಂಟರಿನವನು ಕನ್ನಡಕ ಇಳಿಸಿ ಆ ಸಾಲನ್ನು ಓದಿದ, ಇನ್ನೊಮ್ಮೆ ಓದಿದ. ಸರ್ದಾರ ಎಂಬ ಬೋಟಿನವನು ಇಲ್ಲಿ ಬರುತ್ತಾನೆಯೇ ಎಂದು ಕೇಳಿದೆ. "ಅಂಥವರು ಯಾರೂ ಇಲ್ಲ ಮಾರಾಯ್ರೆ. ಬಂದರಿನಲ್ಲಿ ಕೇಳಿ" ಎಂದವನು ಬೀಗದ ಕೈ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿದ. ಅವಳಿಗೆ ನೆಲಮಹಡಿಯ ಹಿಂದಿನ ಕೋಣೆ, ನನಗೆ ಮೊದಲ ಮಹಡಿಯ ಹಾಲಿನಲ್ಲಿ ಸಾಲು ಮಂಚಗಳಲ್ಲಿ ಒಂದು. ತಾರಸಿಗೆ ಹೋಗುವಂತಿಲ್ಲ, ರಿಪೇರಿ ನಡೆದಿದೆ ಎಂದೂ ತಾನಾಗಿಯೇ ಹೇಳಿದ. ಕೇಳದೆ ಯಾಕೆ ಹೇಳಿದ ಎಂದು ಅನುಮಾನ ಬರಬೇಕಿತ್ತು. ಅಂಗಿಯ ತೋಳು ಅರ್ಧ ಇಂಚು ಜಗ್ಗಿದರೆ ದೂರದಿಂದ ಹೇಳುವ ನನಗೆ ಮನುಷ್ಯರ ಮುಖ ಓದಲು ಬರುವುದಿಲ್ಲ.

ಅವಳ ಕೋಣೆ ನೋಡಿದೆ. ಒಂದು ಮಂಚ, ನಡುವೆ ತಗ್ಗು ಬಿದ್ದ ಹಾಸಿಗೆ, ಬಾಗಿಲು ಪೂರ್ತಿ ಮುಚ್ಚದ ಬಚ್ಚಲು, ತೇವಕ್ಕೆ ಉಬ್ಬಿದ ಗೋಡೆ. ಕಿಟಕಿ ತೆರೆದರೆ ಕೈಗೆಟಕುವ ಹಾಗೆ ಪಕ್ಕದ ಕಟ್ಟಡದ ಗೋಡೆ. ಹಾಸಿಗೆಯ ಮೇಲೆ ಬಣ್ಣ ಹೋದ ಒಂದು ಚಾದರ. ಚಾಂದಬಿ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, "ಚಲೋ ತೊಳದಾರ, ಕೊನಿ ಮಡಚಿದ್ದು ನೋಡ್ರಿ" ಎಂದಳು. ಯಾರೋ ಅಚ್ಚುಕಟ್ಟಿನ ಹೆಂಗಸಿನ ಕೆಲಸ ಎಂದು ನಾನೂ ಒಪ್ಪಿದೆ.

ಎರಡು ದಿನ ಬಂದರಿನಲ್ಲಿ ಅಲೆದೆವು. ಅವಳ ಹತ್ತಿರ ಮಗಳ ಮದುವೆಯ ಫೋಟೋ ಇತ್ತು, ಗುಂಪಿನ ಅಂಚಿನಲ್ಲಿ ಅರ್ಧ ಮುಖದ ಸರ್ದಾರ. ಬೋಟಿನವರು ನೋಡಿ ತಲೆಯಾಡಿಸುತ್ತಿದ್ದರು, ಕೆಲವರು ನೋಡದೆಯೇ ಆಡಿಸುತ್ತಿದ್ದರು. ಬೀಚಿನ ಹತ್ತಿರ ಯಾರೋ ಪ್ರವಾಸಿಯೊಬ್ಬ ಚಾಂದಬಿಯನ್ನು ಹೊರದೇಶದವಳೆಂದು ತಿಳಿದು ಇಂಗ್ಲಿಷಿನಲ್ಲಿ ಏನೋ ಕೇಳಿದ. "ಏನಂತರಿ ಇವಂದು?" ಎಂದಳು ಅವಳು. "ಫೋಟೋ ಬೇಕಂತ" ಎಂದೆ. "ನನ್ನ ಗಂಡಂದ ಸಿಗವಲ್ದು, ಇವಗ ನಂದು ಬೇಕಂತ" ಎಂದು ನಕ್ಕಳು. ಅವಳು ನಕ್ಕದ್ದನ್ನು ನಾನು ಕೊನೆಯದಾಗಿ ಕೇಳಿದ್ದು ಆಗಲೇ.

ಮೂರನೆಯ ದಿನ ಬೆಳಿಗ್ಗೆ, ಸಂಜೆಯ ಬಸ್ಸಿಗೆ ವಾಪಸು ಹೋಗುವುದೆಂದು ಮಾತಾಯಿತು. ನಾನು ಸ್ನಾನ ಮುಗಿಸಿ ಲುಂಗಿ ಹಿಂಡಿದೆ. ಹಾಲಿನಲ್ಲಿ ಒಣಹಾಕಲು ಜಾಗವಿಲ್ಲ, ತೇವ ಬೇರೆ. ರಿಪೇರಿ ಹಾಳಾಗಿಹೋಗಲಿ ಎಂದು ತಾರಸಿಯ ಮೆಟ್ಟಿಲು ಹತ್ತಿದೆ. ಯಾವ ರಿಪೇರಿಯೂ ಇರಲಿಲ್ಲ. ಒಂದು ಬದಿಗೆ ತಗಡಿನ ಕೋಣೆ, ಅದರ ಮುಂದೆ ಹಳೆಯ ಎಣ್ಣೆ ಡಬ್ಬಿಯಲ್ಲಿ ಮೆಣಸಿನ ಗಿಡ, ಉದ್ದಕ್ಕೂ ತಂತಿಗಳ ಮೇಲೆ ಲಾಜಿನ ಚಾದರಗಳು. ಚಾದರಗಳ ನಡುವೆ ಒಂದು ಕೌದಿ ಒಣಗುತ್ತಿತ್ತು.

ನಾನು ಹತ್ತಿರ ಹೋದೆ. ಶಾಲೆಯ ಹುಡುಗಿಯರಿಗೆ ಹೊಲಿದ ಯೂನಿಫಾರ್ಮಿನ ನೀಲಿ ಚೌಕಳಿ. ದಾಂಡೇಲಿಯ ಬಂಗೂರನಗರದ ಸಾಹೇಬರೊಬ್ಬರ ಸಫಾರಿಯ ಬೂದು ಬಣ್ಣ. ಬ್ಯಾಂಡಿನವರ ಕೋಟಿನ ಕೆಂಪು. ಮಧುಮತಿಯ ಹಳೆಯ ಪೋಲ್ಕದ ಹಳದಿ ಹೂ. ಎಲ್ಲವೂ ನನ್ನ ಕತ್ತರಿಯಿಂದ ಬಿದ್ದ ತುಂಡುಗಳು. ಸತ್ಯ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಒದ್ದೆ ಲುಂಗಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಮೆಟ್ಟಿಲಿಳಿದು ಓಡಿದೆ. "ಚಾಂದಬಿ, ಅದಾನ, ಇಲ್ಲೇ ಅದಾನ! ನಿನ್ನ ಕೌದಿ ಮ್ಯಾಲ ಒಣಗಾಕತ್ತೇತಿ" ಎಂದೆ. ಮೂಲೆಗಳನ್ನು ನಾನು ನೋಡಿರಲಿಲ್ಲ.

ಮಂಡಿ ನೋವಿನ ಅವಳು ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಚೀಲವಿತ್ತು. ಕೌದಿಯ ಮುಂದೆ ನಿಂತು ಎರಡು ಕ್ಷಣ ಅದರ ಮೇಲೆ ಕೈ ಆಡಿಸಿದಳು. ಆಮೇಲೆ ಒಂದು ಮೂಲೆ ಹಿಡಿದು ಫುಲಾ ತಿರುವಿ ನೋಡಿದಳು. ಎರಡನೆಯದು. ಮೂರನೆಯದು. ನಾಲ್ಕನೇ ಮೂಲೆಯನ್ನು ಹಿಡಿದು ನಿಂತುಬಿಟ್ಟಳು. ಅಲ್ಲಿಯೂ ಫುಲಾ ಇತ್ತು. ತಿಳಿನೀಲಿ ಬಟ್ಟೆಯದು, ಮಡಿಕೆ ಸರಿಯಾಗಿದೆ, ಸಿದ್ದಿ ಹೆಂಗಸಿನದೇ ಕೈ, ಆದರೆ ಹೊಲಿಗೆ ದೂರ ದೂರ. ಆ ನೀಲಿ ನನ್ನ ಅಂಗಡಿಯದಲ್ಲ. ಸರ್ದಾರ ಮನೆಗೆ ಬಂದ ವರ್ಷ ಹಚ್ಚಬೇಕಾದ ಹೂವನ್ನು ಬೇರೆ ಯಾರೋ ಹಚ್ಚಿಬಿಟ್ಟಿದ್ದರು.

ತಗಡಿನ ಕೋಣೆಯಿಂದ ಒಬ್ಬಳು ಬಕೇಟು ಹಿಡಿದು ಬಂದಳು. ಮೂವತ್ತೈದರ ಆಸುಪಾಸು, ಕೊರಳಲ್ಲಿ ಸಣ್ಣ ಶಿಲುಬೆ. ಚಾಂದಬಿಯ ಮುಖ, ಕೂದಲು ನೋಡಿದ್ದೇ ಅವಳ ಮುಖ ಅರಳಿತು. "ನಮ್ಮ ಮಂದೀನಾ? ಯಾವ ಊರು ನಿಮ್ದು?"

"ಭಾಗವತಿ ಕಡೆ" ಎಂದಳು ಚಾಂದಬಿ.

"ನಮ್ಮ ಮನಿಯವರೂ ಆ ಕಡೇವರ. ಸರ್ದಾರ ಅಂತ. ಬೋಟಿಗೆ ಹೋಗ್ಯಾರ, ಶುಕ್ರವಾರ ಬರ್ತಾರ. ನಾ ರೀನಾ, ಜೊಯಿಡಾ ಕಡೇಕಿ. ಇಲ್ಲಿ ಚಾದರ ತೊಳೀತೇನಿ." ಚಾಂದಬಿಯ ಕೈಯಲ್ಲಿದ್ದ ಮೂಲೆಯನ್ನು ನೋಡಿ ಅವಳು ನಾಚಿಕೊಂಡಳು. "ಕೌದಿ ನೋಡಾಕತ್ತೀರೇನ? ನಂದಲ್ಲ, ಅವರ ಮೊದಲನೇ ಹೆಂಡ್ತಿ ಹೊಲದದ್ದು. ಪಾಪ, ತೀರಿಕೊಂಡಾಳ. ಮೂರು ಫುಲಾ ಹಚ್ಚಿದ್ಲು, ನಾಲ್ಕನೇದು ಹಚ್ಚೂದರಾಗ ಹೋಗಿಬಿಟ್ಲಂತ. ಸತ್ತಾಕಿ ಕೌದಿ ಅರೆಬತ್ತಲೆ ಇರಬಾರದು ಅಂತ ಅದೊಂದು ನಾ ಹಚ್ಚೇನಿ."

ನಾನು ಬಾಯಿ ತೆರೆದೆ. ಏನು ಹೇಳುವವನಿದ್ದೆನೋ, ಒಳ್ಳೆಯದಂತೂ ಅಲ್ಲ. ಚಾಂದಬಿ ನನ್ನ ಮಣಿಕಟ್ಟು ಹಿಡಿದಳು. "ಮಾಸ್ತರ, ನಿಮ್ಮ ಲುಂಗಿ ಹಾಕ್ರಿ ತಂತೀಗೆ" ಎಂದಳು. ಅವಳ ಹಿಡಿತಕ್ಕೆ ಹೆದರಿ ನಾನು ಹೋಗಿ ಲುಂಗಿ ಒಣಹಾಕಿದೆ.

"ಹೊಲಿಗಿ ದೂರ ಆಗೇತಿ. ಎರಡ ಸಲ ಒಗದರ ಬಿಚ್ಚತೈತಿ" ಎಂದಳು ಚಾಂದಬಿ ರೀನಾಳಿಗೆ. "ಕೂಡ್ರು, ತೋರಸ್ತೇನಿ."

ಇಬ್ಬರೂ ತಾರಸಿಯ ನೆಲದ ಮೇಲೆ ಕೂತರು. ಅಲ್ಲಿಂದ, ಕಟ್ಟಡಗಳ ನಡುವೆ, ಕಡಲಿನ ಒಂದು ಚೂರು ಕಾಣುತ್ತಿತ್ತು. ಚಾಂದಬಿ ಅದಕ್ಕೆ ಬೆನ್ನು ಹಾಕಿದ್ದಳು. ಚೀಲದಿಂದ ಸೂಜಿ ದಾರ ತೆಗೆದಳು, ಹಸಿರು ಸ್ಯಾಟಿನ್ ತೆಗೆಯಲಿಲ್ಲ. ಆ ತಿಳಿನೀಲಿ ಹೂವನ್ನು ಬಿಚ್ಚುತ್ತಾಳೆಂದು ನಾನು ಕಾದೆ, ಬಿಚ್ಚಲಿ ಎಂದು ಆಸೆಪಟ್ಟೆ. ಅವಳು ಅದರ ಅಂಚಿನ ಸುತ್ತ ಒತ್ತೊತ್ತಾಗಿ ಹೊಲಿಗೆ ಹಾಕತೊಡಗಿದಳು. "ಹಿಂಗ, ಎರಡ ದಾರ ಹಿಡಿ. ಇಲ್ಲಿ ಒಮ್ಮಿ ತಿರುವು" ಎಂದು ಹೇಳಿಕೊಡುತ್ತಾ, ತನ್ನ ಗಂಡನ ಕೌದಿಗೆ ಇನ್ನೊಬ್ಬಳ ಹೂವನ್ನು ಬಿಚ್ಚದ ಹಾಗೆ ಗಟ್ಟಿ ಮಾಡಿದಳು. ನಲವತ್ತು ವರ್ಷ ಹೊಲಿದ ನಾನು ಅಂಥ ಹೊಲಿಗೆಯನ್ನು ಹಾಕಿಲ್ಲ.

"ಆಕೀನ್ನ ನೀವು ನೋಡಿದ್ರೇನು?" ಎಂದು ರೀನಾ ಮೆಲ್ಲಗೆ ಕೇಳಿದಳು.

"ನಮ್ಮ ಬಾಜೂ ಮನಿಯಾಕಿ."

"ಆಕೀ ಹೆಸರು ಹೇಳ್ರಿ. ಹಿರೇರಿಗೆ ಎಡಿ ಇಡೂವಾಗ ಎಲ್ಲಾರ ಹೆಸರೂ ಕರೀಬೇಕಲ್ಲ. ಇವರನ್ನ ಕೇಳಿದ್ರ ಸುಮ್ಮನಾಗಿಬಿಡ್ತಾರ. ಹೆಸರಿಲ್ಲದ ಹೆಂಗ ಕರೀಲಿ, ಪಾಪದಾಕಿ ಉಪಾಸ ಉಳೀತಾಳ."

ಸಿದ್ದಿಗಳಲ್ಲಿ ಹಿಂದೂ, ಮುಸಲ್ಮಾನ, ಕ್ರಿಸ್ತಾನ ಯಾರೇ ಆಗಲಿ, ವರ್ಷಕ್ಕೊಮ್ಮೆ ತೀರಿಹೋದ ಹಿರಿಯರಿಗೆ ಅಡಿಗೆ ಮಾಡಿ ಎಡೆ ಇಡುತ್ತಾರೆ. ಇದು ನನಗೂ ಗೊತ್ತಿತ್ತು. ಚಾಂದಬಿ ದಾರವನ್ನು ಹಲ್ಲಿನಿಂದ ಕಡಿದಳು.

"ಚಾಂದಬಿ" ಎಂದಳು.

ರೀನಾ ಅದನ್ನು ಎರಡು ಸಲ ತನಗೆ ತಾನೇ ಹೇಳಿಕೊಂಡು ನೆನಪಿಟ್ಟುಕೊಂಡಳು. ಚಹಾ ಕುಡಿದು ಹೋಗಿ ಎಂದು ಕರೆದಳು. ಬಸ್ಸಿಗೆ ಹೊತ್ತಾಯಿತು ಎಂದು ಚಾಂದಬಿ ಎದ್ದಳು. ಬಸ್ಸು ಸಂಜೆಗಿತ್ತು.

ಕೆಳಗಿಳಿದು ನಾನು ಕೌಂಟರಿನವನ ಮೇಲೆ ಎಗರಿದೆ. ಅವನು ಕೂಗಾಡಲಿಲ್ಲ. "ರಿಜಿಸ್ಟರಿನಲ್ಲಿ ಹೆಸರು ನೋಡಿದ ಕೂಡಲೇ ಗೊತ್ತಾಯ್ತು. ಏನು ಮಾಡ್ಲಿ ಮಾರಾಯ್ರೆ? ಮೇಲಿನವಳಿಗೆ ಏನೂ ಗೊತ್ತಿಲ್ಲ. ನೀವು ಹುಡುಕಿ ಬೇಸತ್ತು ಹೋಗ್ತೀರಿ ಅಂದ್ಕೊಂಡೆ" ಎಂದ.

"ಶುಕ್ರವಾರದ ತನಕ ಇರೂಣು. ಅವನ ಕೊರಳಪಟ್ಟಿ ಹಿಡೀತೇನಿ" ಎಂದೆ ಚಾಂದಬಿಗೆ.

"ಹಿಡದು ಏನ ಮಾಡ್ತೀರಿ? ಅಂವ ಮನೀಗೆ ಬಂದಾನಲ್ರಿ ಮಾಸ್ತರ. ನಾಲ್ಕೂ ಮೂಲಿ ಮುಗದಾವು." ಚೀಲದ ಬಾಯಿ ಕಟ್ಟಿ, "ಆ ಬುಕ್ಕಿನಾಗ ನನ್ನ ಹೆಸರು ಬರದೀರಲ್ಲ, ಹೊಡದ ಹಾಕ್ರಿ. ಆಕಿ ಯಾವತ್ತರೆ ನೋಡಿದ್ರ ಹೆದರತಾಳ" ಎಂದಳು.

ಕೌಂಟರಿನವನು ರಿಜಿಸ್ಟರು ತಿರುಗಿಸಿ ಕೊಟ್ಟ. ನಾನು ಪೆನ್ನು ಹಿಡಿದು ಒಂದು ಗೆರೆ ಎಳೆದೆ. ತೆಳ್ಳಗೆ ಎಳೆದೆ, ಕೆಳಗಿನ ಅಕ್ಷರ ಯಾರಾದರೂ ಓದಬಹುದಾದ ಹಾಗೆ. ಚಾಂದಬಿಗೆ ಓದಲು ಬರುವುದಿಲ್ಲ, ಪೂರ್ತಿ ಹೋಯಿತೆಂದು ತಿಳಿದಳು. ಸರ್ದಾರ ಎಂದಾದರೂ ನೋಡಲಿ, ಅವನ ಗಂಟಲಲ್ಲಿ ಅನ್ನ ಇಳಿಯದಿರಲಿ ಎಂದು ಹಾಗೆ ಮಾಡಿದೆ. ಒಂದು ವರ್ಷವಾಗುತ್ತ ಬಂತು. ಆ ಲ್ಯಾಂಡ್‌ಲೈನಿನ ನಂಬರು ನನ್ನ ಫೋನಿನಲ್ಲಿ ಇನ್ನೂ ಇದೆ. ಅದರಿಂದ ಫೋನು ಬಂದಿಲ್ಲ, ಬರುವುದೂ ಇಲ್ಲ.

ಮಗಳಿಗೂ ಅವಳು ಹೇಳಿಲ್ಲ, ಸಿಗಲಿಲ್ಲ ಎಂದಷ್ಟೇ ಹೇಳಿದಳು. ಹಸಿರು ಸ್ಯಾಟಿನ್ ತುಂಡನ್ನು ನನಗೇ ವಾಪಸು ಕೊಟ್ಟಳು, ಕತ್ತರಿಯ ಪಕ್ಕ ಖಾನೆಯಲ್ಲಿದೆ. ಸಂತೆಗೆ ಬರುತ್ತಾಳೆ. ನನ್ನ ಮುಖ ನೋಡುವುದಿಲ್ಲ, ನನಗೂ ಮಷೀನಿನ ಕಡೆ ತಿರುಗುವ ಕೆಲಸವಿಲ್ಲ. ಬೇಕೆಂದೇ ಸಿಡುಕಿ ನೋಡುತ್ತೇನೆ, "ಏನ, ನನ್ನ ಕತ್ರಿ ನೆಟ್ಟಗಾತೇನ ಈಗ?" ಎನ್ನುತ್ತೇನೆ. "ಹೂನ್ರಿ" ಎನ್ನುತ್ತಾಳೆ, ಅಷ್ಟೇ.

ಈ ಸಲ ದಸರೆಯ ಹೊತ್ತಿಗೆ, ಅವರಲ್ಲಿ ಹಿರಿಯರಿಗೆ ಎಡೆ ಇಡುವ ದಿನ, ಅವಳು ಸಂತೆ ಇಲ್ಲದಿದ್ದರೂ ಬಂದಳು. ಮೆಟ್ಟಿಲ ಮೇಲೆ ಕೂತಳು. ಊರಲ್ಲಿ ಅಡಿಗೆ ಇಲ್ಲವೇ ಎಂದು ಕೇಳಿದೆ.

"ಐತ್ರಿ, ಎಲ್ಲಾರ ಮನ್ಯಾಗೂ ಐತಿ" ಎಂದಳು. ಆಮೇಲೆ ರಸ್ತೆಯ ಕಡೆ ನೋಡುತ್ತಾ ಹೇಳಿದಳು, "ಇಷ್ಟೊತ್ತಿಗೆ ಆಕಿ ಅಲ್ಲಿ ನನ್ನ ಹೆಸರು ಕರದು ಎಡಿ ಇಟ್ಟಿರ್ತಾಳ ಮಾಸ್ತರ. ಬಾಜೂಕ ಅಂವ ಕೂತಿರ್ತಾನ. ಇಲ್ಲಿ ನನ್ನ ಬಾಯಾಗ ತುತ್ತು ಇಳೀವಲ್ದು."

ಮಧುಮತಿ ಒಳಗಿನಿಂದ ತಾಟಿನಲ್ಲಿ ರೊಟ್ಟಿ ತಂದಿಟ್ಟಳು. ಅವಳು ಮುಟ್ಟಲಿಲ್ಲ. ನಾನು ಚಿಂದಿಯ ಚೀಲವನ್ನು ಅವಳ ಮುಂದೆ ಸುರುವಿದೆ. ಅವಳು ಒಂದನ್ನೂ ಆರಿಸದೆ, ಬಾಚಿ ಹಾಗೇ ತುಂಬಿಕೊಂಡು ಎದ್ದು ಹೋದಳು.